ರಾಣಿಯ ಮೂರನೆಯ ಕೈ

"ಕೇಳಿರಿ! ತೀರಿಹೋದ ಮಹಾರಾಣಿಯವರ ಎಣ್ಣೆಬಣ್ಣದ ಚಿತ್ರದಲ್ಲಿ ಮೂರನೆಯ ಕೈಯೊಂದು ಮೂಡುತ್ತಿದೆ. ಆ ಚಿತ್ರದ ಬಗ್ಗೆ ರಾಜಕುಮಾರಿಯವರು ಮೂರು ಒಗಟು ಕೇಳುವರು. ಬಿಡಿಸಿದವರಿಗೆ ಬೇಡಿದ್ದು ಸಿಗುವುದು, ತಪ್ಪಿದವರ ತಲೆ ಉಳಿಯದು. ಅಮಾವಾಸ್ಯೆಯೊಳಗೆ ಯಾರೂ ಬಿಡಿಸದಿದ್ದರೆ ಚಿತ್ರವನ್ನು ಸುಡಲಾಗುವುದು."

ಡಂಗುರ ಕೇಳಿ ಗಾಣಿಗರ ನೀಲವ್ವ ಎಣ್ಣೆಯ ಅಳತೆಯನ್ನು ಕೆಳಗಿಟ್ಟು ಹೊರಗೋಡಿ ಬಂದಳು. ಅರಮನೆಗೆ ಬಣ್ಣ ಕಲಸಲು ಅಗಸೆ ಎಣ್ಣೆ ಕೊಡುತ್ತಿದ್ದವಳು ಅವಳು. ಎಣ್ಣೆ ಕೊಡಲು ಹೋದಾಗಲೆಲ್ಲ, ಮೂರು ವರ್ಷಗಳಿಂದ ಅದೇ ಚಿತ್ರವನ್ನು ನಕಲು ಮಾಡುತ್ತಾ ಎಣ್ಣೆಬಣ್ಣದ ವಿದ್ಯೆ ಕಲಿಯುತ್ತಿದ್ದಳು. ಬೇರೆ ಗುರು ಅವಳಿಗಿರಲಿಲ್ಲ.

ರಾಜಕುಮಾರಿ ಹೊನ್ನಾಂಬಿಕೆಯನ್ನು ಹೆತ್ತ ದಿನವೇ ರಾಣಿ ತೀರಿಕೊಂಡಿದ್ದರು. ಮಗಳನ್ನು ಕರೆದೊಯ್ಯಲು ತಾಯಿ ಕೈ ಚಾಚುತ್ತಿದ್ದಾಳೆ ಎಂದು ಅಂತಃಪುರವೆಲ್ಲ ಪಿಸುಗುಟ್ಟುತ್ತಿತ್ತು. ಆ ಕೈಗೆ ಹೆದರಿ ಹೊನ್ನಾಂಬಿಕೆ ಆ ಚಿತ್ರಕ್ಕೆ ಎಂದೂ ಬೆನ್ನು ತಿರುಗಿಸಿ ನಿಲ್ಲುತ್ತಿರಲಿಲ್ಲ.

ಮೊದಲು ಬಂದವನು ಗೋಡೆಚಿತ್ರದ ನರಸೋಜ.

"ತಾಯಿಯ ಮುಖಕ್ಕೆ ಜೀವ ಕೊಟ್ಟ ಬಣ್ಣ ಮುಖದ ಮೇಲೆಲ್ಲೂ ಕಾಣದು. ಯಾವುದದು?" ಎಂದಳು ಹೊನ್ನಾಂಬಿಕೆ.

"ಇಷ್ಟೇನಾ? ಕೆಂಪು, ತಾಯಿ!" ಎಂದು ನಕ್ಕ. ಸಂಜೆಯೊಳಗೆ ಅವನ ತಲೆ ಹೋಯಿತು.

ಎರಡನೆಯವನು ಬಿಳಿಗಿರಿ, ಗೋಂದಿನಲ್ಲಿ ಕಲಸುವ ಅಂಟುಬಣ್ಣದಲ್ಲಿ ಹೆಸರಾದವನು. ಮೊದಲನೆಯದನ್ನು ಹೇಗೋ ದಾಟಿದ.

"ಎಲ್ಲಿ ನಿಂತರೂ ತಾಯಿ ನೋಡುವಂತಿದೆ. ನಿಜವಾಗಿ ನೋಡುತ್ತಿರುವುದು ಯಾರನ್ನು?"

"ಹೆತ್ತ ಕರುಳು, ತಾಯಿ. ನಿಮ್ಮನ್ನೇ."

"ನನ್ನನ್ನು ಅವಳು ನೋಡಿಯೇ ಇಲ್ಲ," ಎಂದಳು ಹೊನ್ನಾಂಬಿಕೆ. ಅವನ ತಲೆಯೂ ಹೋಯಿತು.

ಆಮೇಲೆ ನೀಲವ್ವ ತನ್ನ ಅರ್ಧಂಬರ್ಧ ನಕಲನ್ನು ಕಂಕುಳಲ್ಲಿಟ್ಟುಕೊಂಡು ಬಂದಳು.

"ಎಣ್ಣೆ ಅಳೆಯುವವಳಿಗೆ ಇಲ್ಲೇನು ಕೆಲಸ?" ಎಂದ ದ್ವಾರಪಾಲಕ.

"ತಲೆ ನನ್ನದು, ಅಣ್ಣ. ನಿನಗ್ಯಾಕೆ ಚಿಂತೆ?"

ಹೊನ್ನಾಂಬಿಕೆ ಮೊದಲ ಎರಡು ಒಗಟುಗಳನ್ನು ಮತ್ತೆ ಹೇಳಿದಳು.

"ಮೊದಲನೆಯದು ಹಸಿರು, ಅಮ್ಮಾ. ಮೊದಲು ಹಸಿರು ಮಣ್ಣುಬಣ್ಣ ಹಚ್ಚಿ, ಒಣಗಿಸಿ, ಅದರ ಮೇಲೆ ಮೈಬಣ್ಣ ಕೂರಿಸಬೇಕು. ಹಾಗೆ ಮಾಡದಿದ್ದಾಗ ನಾನು ಬರೆದ ಮುಖ ಬೊಂಬೆಯಂತಾಯಿತು. ಎರಡನೆಯದು, ಅವರು ನೋಡುತ್ತಿರುವುದು ಬರೆದವನನ್ನು. ಅವನು ನಿಂತಿದ್ದಲ್ಲೇ ಮೂರು ವರ್ಷ ನಿಂತೆ. ಕಣ್ಣು ನೇರ ನನ್ನ ಮೇಲಿದ್ದರೂ ಆ ನೋಟ ನನಗಲ್ಲ, ಮೊದಲು ಅಲ್ಲಿ ನಿಂತವನಿಗೆ ಅನ್ನಿಸುತ್ತಿತ್ತು."

"ಎರಡೂ ಸರಿ. ಬರೆದವನು ಬಿಟ್ಟುಹೋದ ಓಲೆಯಲ್ಲಿ ಹಾಗೇ ಇದೆ." ಹೊನ್ನಾಂಬಿಕೆಯ ದನಿ ಇಳಿಯಿತು. "ಮೂರನೆಯದರ ಉತ್ತರ ನನಗೂ ತಿಳಿಯದು. ಆ ಕೈ ಯಾರದು? ಯಾರನ್ನು ಹಿಡಿಯಲು ಬರುತ್ತಿದೆ?"

ಚಿತ್ರದಲ್ಲಿ ರಾಣಿಯ ಹೊಟ್ಟೆಯ ಬಳಿ, ಸೀರೆಯ ನೆರಿಗೆಯ ಮೇಲೆ ಮಸುಕಾದ ಐದು ಬೆರಳುಗಳು ಕಾಣುತ್ತಿದ್ದವು. ನೀಲವ್ವ ತನ್ನ ನಕಲನ್ನು ಪಕ್ಕದಲ್ಲಿಟ್ಟಳು. ಅದರಲ್ಲೂ ರಾಣಿಯ ಕಿವಿಯ ಬಳಿ ಇನ್ನೊಂದು ಕಿವಿಯ ನೆರಳಿತ್ತು.

"ಇದು ನನ್ನ ತಪ್ಪು, ಅಮ್ಮಾ. ಮೊದಲ ವರ್ಷ ಕಿವಿ ಕೆಳಗೆ ಬರೆದುಬಿಟ್ಟೆ. ಮೇಲೆ ತೆಳ್ಳಗೆ ಬಣ್ಣ ಹಚ್ಚಿ ಮುಚ್ಚಿದೆ. ಎಣ್ಣೆಬಣ್ಣ ವಯಸ್ಸಾದಷ್ಟೂ ತಿಳಿಯಾಗುತ್ತದೆ, ಅಡಿಯದ್ದು ಮೇಲೆ ಬರುತ್ತದೆ. ಅಂಟುಬಣ್ಣದವರಿಗೆ ಇದು ತಿಳಿಯದು. ಆ ಬೆರಳಿನ ಉಂಗುರ ನೋಡಿ. ಕುರ್ಚಿಯ ಮೇಲಿರುವ ಎಡಗೈಯಲ್ಲೂ ಅದೇ. ಅದು ರಾಣಿಯವರದೇ ಕೈ. ಮೊದಲು ಬರೆದದ್ದು ಹಾಗೆ."

"ಮುಚ್ಚಿದ್ದು ಏಕೆ?"

"ಬಸುರಿಯ ಚಿತ್ರ ಬರೆಸಿದರೆ ದೃಷ್ಟಿ ತಾಗುತ್ತದೆ ಅನ್ನುತ್ತಾರಲ್ಲ, ಯಾರೋ ಹಿರಿಯರು ತಡೆದಿರಬೇಕು. ಕೈಯನ್ನು ಕುರ್ಚಿಗೆ ಸರಿಸಿ, ಹೊಟ್ಟೆಯ ಮೇಲೆ ನೆರಿಗೆ ಬರೆದಿದ್ದಾರೆ. ಆ ಕೈ ಯಾರನ್ನೂ ಹಿಡಿಯಲು ಬರುತ್ತಿಲ್ಲ, ಅಮ್ಮಾ. ಆಗಲೇ ಹಿಡಿದುಕೊಂಡಿತ್ತು. ನಿಮ್ಮನ್ನು."

ಹೊನ್ನಾಂಬಿಕೆ ಒಂದು ಉಂಗುರದಿಂದ ಇನ್ನೊಂದಕ್ಕೆ ಕಣ್ಣು ಹಾಯಿಸಿದಳು.

"ಏನು ಬೇಕು, ಕೇಳು," ಎಂದಳು ಹೊನ್ನಾಂಬಿಕೆ.

"ಚಿತ್ರ ಸುಡಬೇಡಿ. ನಕಲು ಮುಗಿಸಲು ಬಿಡಿ."

ಹೊನ್ನಾಂಬಿಕೆ ಅಂದೇ ಅವಳನ್ನು ಅರಮನೆಯ ಚಿತ್ರಗಾರ್ತಿಯಾಗಿ ನೇಮಿಸಿ, ಚಿತ್ರಶಾಲೆಯ ಬೀಗದ ಕೈ ಕೊಟ್ಟಳು.

ನೀಲವ್ವ ಕುಂಚ ಎತ್ತಿ ತಡೆದಳು. "ನಕಲಿನಲ್ಲಿ ಎಷ್ಟು ಕೈ ಬರೆಯಲಿ, ಅಮ್ಮಾ?"

ಹೊನ್ನಾಂಬಿಕೆ ಆ ಮಸುಕು ಬೆರಳುಗಳ ಹತ್ತಿರಕ್ಕೆ ಹೋಗಿ ನಿಂತಳು.

"ಮೂರು," ಎಂದಳು. "ಈ ಸಲ ಯಾರೂ ಮುಚ್ಚಕೂಡದು."