ಹತ್ತರಲ್ಲಿ ಮೂರು

ಕಥೆ ಹೇಳಿ ರೂಢಿಯಿಲ್ಲದವನು ನಾನು. ಬೇಕಿಲ್ಲದ್ದನ್ನೂ ಬಿಡಿಸಿ ಹೇಳಿಬಿಡುತ್ತೇನೆ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಹೊಳೆಯ ದಡದಲ್ಲಿ ಒಂದು ಜೈನ ಆಶ್ರಮ. ಜೈನ ಎಂದು ಹೇಳಿದ್ದಕ್ಕೆ ಕಾರಣವಿದೆ: ಅಲ್ಲಿ ಹೊತ್ತು ಮುಳುಗಿದ ಮೇಲೆ ಯಾರೂ ಉಣ್ಣುವುದಿಲ್ಲ. ಇದು ಮುಂದೆ ಬೇಕಾಗುತ್ತದೆ.

ಗುರು ಧರಣೇಂದ್ರಯ್ಯನವರು ಅಲ್ಲಿ ಮಕ್ಕಳಿಗಾಗಿ ಒಂದು ವಿಶ್ವಕೋಶ ಮಾಡಿಸುತ್ತಿದ್ದರು. ಶಿಷ್ಯರಿಗೆ ಒಂದೊಂದು ಅಕ್ಷರ. ನೇಮಣ್ಣನ ಪಾಲಿಗೆ ಬಂದದ್ದು ಹಕಾರ. ಅದರಲ್ಲಿ ಹಂಸ ಇತ್ತು, ಹವಳ ಇತ್ತು, ಹಾಸ್ಕಿನ್ ಎಂಬ ಅಮೆರಿಕದ ಬೇಸ್‌ಬಾಲ್ ಆಟಗಾರರ ಜೀವನವೂ ಇತ್ತು. ಹಂಸ, ಹವಳ ಬೇಗ ಮುಗಿದವು. ಹಾಸ್ಕಿನ್ ಮುಗಿಯಲಿಲ್ಲ.

ಒಟ್ಟು ಹತ್ತೇ ವಾಕ್ಯ. ನೇಮಣ್ಣ ಅದರ ಮಾತು ತಿದ್ದಿ ಒಯ್ಯುವುದು, ಗುರುಗಳು ಗೆರೆ ಹೊಡೆದು ಹಿಂದಿರುಗಿಸುವುದು. ಮಳೆಗಾಲ ಹೋಗಿ ಚಳಿ ಬಂತು. ಹಾಸ್ಕಿನ್ ಎಂಬ ಹೆಸರು ಕೇಳಿದರೆ ಸಾಕು, ನೇಮಣ್ಣನ ಬೆನ್ನು ನೋಯುತ್ತಿತ್ತು.

ಒಂದು ಸಂಜೆ ಅವನು ಬಟ್ಟೆಗಳನ್ನು ಚೀಲಕ್ಕೆ ತುಂಬಿದ. ಇವತ್ತೂ ಗೆರೆ ಬಿದ್ದರೆ ಊರಿಗೆ ಹೊರಡುವುದು, ಮತ್ತೆಂದೂ ಬರವಣಿಗೆಯ ಹೆಸರೆತ್ತಬಾರದು. ಚೀಲ ಹೆಗಲಿಗೆ ಹಾಕಿಕೊಂಡೇ ಗುರುಗಳ ಮುಂದೆ ಕುಳಿತ.

ಗುರುಗಳು ಚೀಲ ನೋಡಿದರು. ಹಾಳೆ ತೆಗೆದುಕೊಂಡು ಕೊನೆಯ ಸಾಲುಗಳನ್ನು ಓದಿದರು:

“ಹತ್ತು ಸಲ ಬ್ಯಾಟು ಹಿಡಿದು ನಿಂತರೆ ಹಾಸ್ಕಿನ್ ಗೆದ್ದದ್ದು ಕೇವಲ ಮೂರು ಸಲ. ಆದರೂ ಹೇಗೋ ಇಪ್ಪತ್ತು ವರ್ಷ ತಂಡದಲ್ಲಿ ಉಳಿದರು.”

“ಹೇಗೋ ಅಂದರೆ ಹೇಗಪ್ಪಾ?”

“ಅದೇ ನನಗೂ ತಿಳಿಯಲಿಲ್ಲ ಗುರುಗಳೇ. ಹತ್ತರಲ್ಲಿ ಏಳು ಸಲ ಸೋತು ಬರುವವನನ್ನು ನಮ್ಮೂರ ಕ್ರಿಕೆಟ್ ತಂಡದವರು ನೀರು ಹೊರಲೂ ಇಟ್ಟುಕೊಳ್ಳುವುದಿಲ್ಲ.”

“ನಿನ್ನನ್ನು ಇಟ್ಟುಕೊಂಡಿದ್ದರೋ?”

“ನೀರು ಹೊರಲು.”

ಗುರುಗಳು ನಕ್ಕರು. ನಕ್ಕದ್ದಕ್ಕೆ ಕೆಮ್ಮು ಬಂತು. ಅವರೂ ದಣಿದಿದ್ದರು, ಅಕಾರದಿಂದ ಹಕಾರದವರೆಗೆ ಎಲ್ಲವೂ ಅವರ ಕಣ್ಣನ್ನು ಹಾದೇ ಬಂದಿತ್ತು.

“ಆ ಆಟದಲ್ಲಿ ಹತ್ತಕ್ಕೆ ಮೂರು ಹೊಡೆದವನನ್ನು ಹೊತ್ತು ಮೆರೆಸುತ್ತಾರೆ, ನೇಮಣ್ಣ. ನೀನು ಅವರನ್ನು ನಿನ್ನೂರ ಮೈದಾನದಲ್ಲಿ ನಿಲ್ಲಿಸಿ ಅಳೆದಿದ್ದೀಯೆ.”

ಅವರು ‘ಕೇವಲ’ದ ಮೇಲೆ ಗೆರೆ ಹೊಡೆದರು. ‘ಆದರೂ ಹೇಗೋ’ ಎಂಬುದನ್ನೂ ಹೊಡೆದು, ಮೇಲೆ ‘ಅದಕ್ಕೇ’ ಎಂದು ಬರೆದರು. ಅಂದರೆ ಮಾತು ಹೀಗಾಯಿತು: ಗೆದ್ದದ್ದು ಮೂರು ಸಲ. ಅದಕ್ಕೇ ಇಪ್ಪತ್ತು ವರ್ಷ ತಂಡದಲ್ಲಿ ಉಳಿದರು.

ನೇಮಣ್ಣ ಆ ಗೆರೆಗಳನ್ನೇ ನೋಡಿದ.

“ಇವತ್ತೂ ಬಿತ್ತು. ನಾನಿನ್ನು ಬರುತ್ತೇನೆ ಗುರುಗಳೇ,” ಎಂದ. ಎಂದನೇ ಹೊರತು, ಕುಳಿತಲ್ಲಿಂದ ಏಳಲಿಲ್ಲ.

“ಹೋಗುವಿಯಂತೆ. ನೀನು ಬರೆದ ಹತ್ತು ವಾಕ್ಯದಲ್ಲಿ ಇದುವರೆಗೆ ಗೆರೆ ಬೀಳದೆ ಉಳಿದದ್ದು ಎಷ್ಟು?”

ನೇಮಣ್ಣ ಹಾಳೆಯ ಮೇಲೆ ಬೆರಳಾಡಿಸಿದ.

“ಕೇವಲ ಮೂರು.”

“ಆ ಪದವನ್ನು ಈಗಷ್ಟೇ ಹೊಡೆದು ಹಾಕಿದೆನಲ್ಲ.”

ನೇಮಣ್ಣ ಗೆರೆ ಬಿದ್ದ ಸಾಲುಗಳ ಮೇಲೆ ಬೆರಳಿಟ್ಟ. ಆಮೇಲೆ ಕೇಳಿದ:

“ಹಾಗಾದರೆ, ಹೋದ ಏಳು?”

“ಹೋದ ಏಳು ಸುಮ್ಮನೆ ಹೋಗಲಿಲ್ಲಪ್ಪ. ಆ ಏಳು ಅಂದರೆ ಏನೆಂದರೆ—”

“ಅಯ್ಯನವರೇ,” ಅಡುಗೆಮನೆಯಿಂದ ಪದ್ಮಾವತಮ್ಮ ಕೂಗಿದರು, “ಹೊತ್ತು ಮುಳುಗುತ್ತಾ ಬಂತು. ಇನ್ನು ತಡ ಮಾಡಿದರೆ ಹಕಾರವನ್ನೇ ಬಡಿಸುತ್ತೇನೆ.”

ಗುರುಗಳು ಮಾತು ಅಲ್ಲಿಗೇ ಬಿಟ್ಟರು. ಗೋಡೆ ಹಿಡಿದು ಎದ್ದರು. ಶಿಷ್ಯನ ಹೆಗಲಿನ ಚೀಲ ತೆಗೆದು ತಮ್ಮ ಹೆಗಲಿಗೆ ಹಾಕಿಕೊಂಡು, ಅವನತ್ತ ಕೈ ಚಾಚಿದರು.

“ಏಳು.”