ತಿಯಾಮಿಕೆಯ ಕೈತುತ್ತು

ಮಲಾವಿ ದೇಶದ ದಕ್ಷಿಣದಲ್ಲಿ, ಶೀರೆ ನದಿ ಬಯಲಿಗಿಳಿದು ಜೌಗಾಗಿ ಹರಡಿಕೊಳ್ಳುವ ಕಡೆ, ನಮಿಲಾಂಬೆ ಎಂಬ ಸಣ್ಣ ಹಳ್ಳಿ. ಪೂಜ್ಯ ಮಾತೆ ಅಪೊಲಿನ್ ಅವರು ತಮ್ಮ ಸೇವಾಜೀವನದ ಬಹುಭಾಗವನ್ನು ಕಳೆದದ್ದು ಅಲ್ಲಿಯೇ. ಅವರು ಹುಟ್ಟಿದ್ದು ಉಡುಪಿ ಸಮೀಪದ ಶಂಕರಪುರದಲ್ಲಿ, ಮಲ್ಲಿಗೆ ಬೆಳೆಯುವ ಕ್ರೈಸ್ತ ಕುಟುಂಬವೊಂದರಲ್ಲಿ. ಆದರೆ ನಮಿಲಾಂಬೆಯ ಜನ ಅವರನ್ನು ಪರದೇಶದವರೆಂದು ಎಂದೂ ಎಣಿಸಲಿಲ್ಲ. ತಾಯಿಗೆ ಅವರ ಮಾತಿನಲ್ಲಿ ಅಮಾಯಿ ಎನ್ನುತ್ತಾರೆ. ಮಾತೆಯವರನ್ನೂ ಹಾಗೆಯೇ ಕರೆದರು.

ಮಾತೆಯವರ ವಾಸ ಎರಡು ಕೋಣೆಗಳ ಮಣ್ಣಿನ ಮನೆಯಲ್ಲಿ. ಹುಲ್ಲಿನ ಮಾಡು, ಪಕ್ಕದಲ್ಲಿ ಪುಟ್ಟ ಪ್ರಾರ್ಥನಾಲಯ, ಅಂಗಳದಲ್ಲೊಂದು ಹುಣಸೆ ಮರ. ಆ ಮರದ ಹುಳಿಯಿಂದ ಸಾರು ಮಾಡಿ ಬಂದವರಿಗೆಲ್ಲ ಬಡಿಸುತ್ತಿದ್ದರು. ಜನ ಮುಖ ಕಿವುಚಿಕೊಂಡು ಕುಡಿಯುತ್ತಿದ್ದರು, ಮಾತೆಯವರ ಮೇಲಿನ ಪ್ರೀತಿಗೆ.

ಆ ವರ್ಷಗಳಲ್ಲಿ ಕಾಯಿಲೆಯೊಂದು ಸೀಮೆಯಲ್ಲೆಲ್ಲ ಹಬ್ಬಿ, ಪ್ರಾಯದವರನ್ನೇ ಆರಿಸಿಕೊಂಡಂತೆ ಒಯ್ದಿತ್ತು. ಮನೆಮನೆಗಳಲ್ಲಿ ಮುದುಕರೂ ಮಕ್ಕಳೂ ಉಳಿದರು. ಮುದುಕರು ಹೋದಲ್ಲಿ ಮಕ್ಕಳಷ್ಟೇ ಉಳಿದರು. ದೊಡ್ಡ ಅನಾಥಾಲಯ ಕಟ್ಟಿಸಿಕೊಡುತ್ತೇವೆಂದು ಮುಂದೆ ಬಂದವರಿದ್ದರು. ಮಾತೆಯವರು ಒಪ್ಪಲಿಲ್ಲ. "ಮಗುವಿಗೆ ಮಂಚ ಕೊಡುವುದು ಸುಲಭ, ಮಡಿಲು ಕೊಡುವುದು ಕಷ್ಟ. ಪ್ರಭುಗಳು ನನಗೆ ಕಷ್ಟದ್ದನ್ನೇ ಹೇಳಿದ್ದಾರೆ" ಎಂದರು. ಹೀಗೆ ಊರೂರು ನಡೆದು, ಒಲೆ ಉರಿಯುವ ಮನೆಗಳನ್ನು ಹುಡುಕಿ, ಒಂದೊಂದು ಮಗುವನ್ನು ಒಬ್ಬೊಬ್ಬ ತಾಯಿಯ ಕೈಗೆ ಒಪ್ಪಿಸಿ ಬರುತ್ತಿದ್ದರು. ಆ ಮನೆಗಳಿಗೆ ಬಿತ್ತನೆ ಬೀಜ, ಸೋಪು, ಮಗುವಿನ ಶಾಲೆಯ ಬಟ್ಟೆ ಮುಟ್ಟಿಸುವುದು, ಆಗಾಗ ಹೋಗಿ ಮಗುವಿನ ತಲೆ ಸವರಿ ಬರುವುದು, ಇದು ಅವರ ತಪಸ್ಸು.

ಒಂದು ಬೇಸಿಗೆಯ ಬೆಳಗ್ಗೆ ಎನೆಲೆಸಿ ಎಂಬ ವಿಧವೆ ಅವರ ಅಂಗಳಕ್ಕೆ ಬಂದಳು. ಒಣಮೀನು ಮಾರಿ ಬದುಕುತ್ತಿದ್ದವಳು. ಎದೆಯೆತ್ತರ ಬೆಳೆದಿದ್ದ ಇಬ್ಬರು ಗಂಡುಮಕ್ಕಳನ್ನು ಒಂದೇ ಮಳೆಗಾಲದಲ್ಲಿ ಮಣ್ಣು ಮಾಡಿದ ಮೇಲೆ ಪ್ರಾರ್ಥನೆಗೆ ಬರುವುದನ್ನು ಬಿಟ್ಟಿದ್ದಳು. ದೇವರು ಕೇಳಿಸಿಕೊಳ್ಳುವವನಾದರೆ ಆಗಲೇ ಕೇಳಿಸಿಕೊಳ್ಳುತ್ತಿದ್ದ ಎಂದು ಸಂತೆಯಲ್ಲಿ ಎಲ್ಲರೆದುರು ಹೇಳಿದ್ದಳು. ಆಕೆಯ ಕೈಯಲ್ಲಿ ಉದ್ದನೆಯ ಬಟ್ಟೆಯೊಂದರ ತುದಿ ಇತ್ತು. ಇನ್ನೊಂದು ತುದಿಯನ್ನು ಆರೇಳು ವರ್ಷದ ಹುಡುಗಿಯೊಬ್ಬಳ ಮಣಿಕಟ್ಟಿಗೆ ಕಟ್ಟಿತ್ತು. ಮಗುವನ್ನು ಮುಟ್ಟದೆ ಕರೆತರುವುದಕ್ಕೆ ಆಕೆ ಕಂಡುಕೊಂಡ ದಾರಿ ಅದು.

"ಇದು ನನ್ನ ಸತ್ತ ತಂಗಿಯ ಮಗಳು, ತಿಯಾಮಿಕೆ. ಇವಳನ್ನು ನೀವೇ ಇಟ್ಟುಕೊಳ್ಳಿ, ಅಮಾಯಿ," ಎಂದಳು ಎನೆಲೆಸಿ. "ಅಪ್ಪ ಅಮ್ಮ ಸತ್ತರು. ಅಜ್ಜಿ ಸಾಕಿಕೊಂಡಳು, ಅಜ್ಜಿಯೂ ಸತ್ತಳು. ಸೋದರಮಾವ ಕರೆದುಕೊಂಡು ಹೋದ, ಅವನೂ ಉಳಿಯಲಿಲ್ಲ. ಮಲಗಿದವರ ಮುಖದ ಮೇಲೆ ಇವಳು ಕೈ ಹಿಡೀತಾಳೆ. ನೋಡಿದವರಿದ್ದಾರೆ. ಉಸಿರು ಹೀರಿಕೊಳ್ತಾಳಂತೆ. ಊರಿನವರು ಇವಳನ್ನು ನದಿಯಾಚೆ ಜೌಗಿನಲ್ಲಿ ಬಿಡಬೇಕು ಅಂತಿದ್ದಾರೆ."

ಜೌಗಿನಲ್ಲಿ ಮೊಸಳೆಗಳಿದ್ದವು. ಅಲ್ಲಿ ಬಿಡುವುದೆಂದರೆ ಏನೆಂದು ಬಿಡಿಸಿ ಹೇಳಬೇಕಾಗಿರಲಿಲ್ಲ.

ಮಾತೆಯವರು ಮಗುವಿನ ಮಣಿಕಟ್ಟಿನ ಗಂಟು ಬಿಚ್ಚುತ್ತ ಕೇಳಿದರು: "ನಮ್ಮೂರಿನಲ್ಲಿ ಅಮ್ಮನ ಅಕ್ಕನನ್ನು ದೊಡ್ಡಮ್ಮ ಅನ್ನುತ್ತಾರೆ. ನಿಮ್ಮಲ್ಲಿ?"

"ನಮ್ಮಲ್ಲೂ ಹಾಗೇ, ಅಮಾಯಿ. ದೊಡ್ಡ ತಾಯಿ ಅಂತಲೇ."

"ಹಾಗಾದರೆ ನೀನೂ ಸ್ವಲ್ಪ ದಿನ ಇಲ್ಲೇ ಇರು."

ಮಾತೆಯವರ ಮಾತಿಗೆ ಇಲ್ಲವೆನ್ನಲಾರದೆ ಎನೆಲೆಸಿ ಉಳಿದಳು. ಆದರೆ ಮಗು ಒಳಗಿದ್ದರೆ ತಾನು ಹೊರಗೆ, ಮಗು ಹೊರಗೆ ಬಂದರೆ ತಾನು ಮರದ ಆಚೆ. ಮಾತೆಯವರು ಮಾತ್ರ ಮಗುವಿನೊಂದಿಗೆ ಒಂದೇ ತಟ್ಟೆಯಲ್ಲಿ ಉಣ್ಣುತ್ತಿದ್ದರು. ಆ ನಾಡಿನ ಊಟ ಮೆಕ್ಕೆಜೋಳದ ಗಟ್ಟಿ ಮುದ್ದೆ. ಬೆರಳಿನಿಂದ ಮುರಿದು, ಸೊಪ್ಪಿನಲ್ಲಿ ಅದ್ದಿ ತಿನ್ನುತ್ತಾರೆ. ಮಾತೆಯವರು ಬಾಯಿ ತೆರೆದು, "ನೀನೇ ಹಾಕು" ಎನ್ನುತ್ತಿದ್ದರು. ತಿಯಾಮಿಕೆ ಮೊದಮೊದಲು ಕೈಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಳು. ಆ ಕೈಯ ಬಗ್ಗೆ ಜನ ಆಡುವ ಮಾತು ಅವಳಿಗೂ ಗೊತ್ತಿತ್ತು. ಆಮೇಲೆ ಹಾಕತೊಡಗಿದಳು. ಎನೆಲೆಸಿ ನೋಡಲಾರದೆ ಮುಖ ತಿರುಗಿಸುತ್ತಿದ್ದಳು.

ಅಷ್ಟರಲ್ಲಿ ಮಾತೆಯವರಿಗೆ ಜ್ವರ ಬಂತು. ಆ ಬಯಲಿನಲ್ಲಿ ಮಲೇರಿಯಾ ಹೊಸದಲ್ಲ, ಅವರಿಗೂ ಹೊಸದಲ್ಲ. ಆದರೆ ಈ ಸಲ ಬಂದ ಜ್ವರ ಅವರನ್ನು ಚಾಪೆಯಿಂದ ಏಳಗೊಡಲಿಲ್ಲ. ಸುದ್ದಿ ಹಳ್ಳಿಗೆ ತಲುಪಲು ಹೊತ್ತಾಗಲಿಲ್ಲ. ನೀರು ಸೇದಲು ಹೋದ ಎನೆಲೆಸಿಯನ್ನು ಕಂಡು ಹೆಂಗಸರು ಮಾತು ನಿಲ್ಲಿಸಿದರು. ಒಬ್ಬಳು ಮಾತ್ರ ಮೆಲ್ಲಗೆ ಹೇಳಿದಳು: "ಅಮಾಯಿಯನ್ನೂ ಹಿಡಿಯಿತಲ್ಲ. ಇನ್ನು ಗಂಡಸರು ಸುಮ್ಮನಿರುವುದಿಲ್ಲ."

ಎನೆಲೆಸಿ ಅರ್ಧ ತುಂಬಿದ ಕೊಡ ಹೊತ್ತು ಓಡಿಬಂದಳು. ನಡುಹಗಲು, ಅಂಗಳದಲ್ಲಿ ಒಂದು ಕೋಳಿಯೂ ಓಡಾಡುತ್ತಿರಲಿಲ್ಲ. ಒಳಗೆ ಇಣುಕಿದವಳ ಕಾಲು ಹೊಸ್ತಿಲಲ್ಲೇ ನಿಂತಿತು. ಮಾತೆಯವರು ಕಣ್ಣುಮುಚ್ಚಿ ಮಲಗಿದ್ದಾರೆ. ತಿಯಾಮಿಕೆ ಅವರ ತಲೆಯ ಬಳಿ ಮಂಡಿಯೂರಿ, ಅಂಗೈಯನ್ನು ಅವರ ಮೂಗಿನ ಮೇಲೆ ಹಿಡಿದಿದ್ದಾಳೆ. ಜನ ಹೇಳಿದ್ದು ಕಣ್ಣೆದುರೇ ನಡೆಯುತ್ತಿತ್ತು.

ಮಾತೆಯವರು ಕಣ್ಣು ತೆರೆದರು. ಕೈಯನ್ನು ತಳ್ಳಲಿಲ್ಲ. "ಏನು ನೋಡ್ತಿದ್ದೀಯ, ಮಗೂ?"

"ಉಸಿರು ಇದೆಯಾ ಅಂತ," ಎಂದಿತು ಮಗು. "ಅಜ್ಜಿ ಮಲಗಿದ್ದಾಗ ನಾನು ನೋಡಿರಲಿಲ್ಲ. ಬೆಳಗ್ಗೆ ಎಬ್ಬಿಸಿದರೆ ಏಳಲಿಲ್ಲ. ಅದಕ್ಕೇ ಈಗ ಎಲ್ಲರದ್ದೂ ನೋಡ್ತೀನಿ."

ಮಾತೆಯವರು ಬಾಯಿ ತೆರೆದು ಆ ಪುಟ್ಟ ಅಂಗೈಯ ಮೇಲೆ ದೀರ್ಘವಾಗಿ ಉಸಿರುಬಿಟ್ಟರು. "ಸಿಕ್ಕಿತಾ?"

ಮಗು ತಲೆಯಾಡಿಸಿತು.

ಎನೆಲೆಸಿ ಕೊಡ ಇಳಿಸಿ ಗೋಡೆಗೊರಗಿ ಕೂತಳು. ಇಷ್ಟು ದಿನ ಊರೆಲ್ಲ ಹೆದರಿದ್ದು ಈ ಕೈಗೆ. ಊರಿನಲ್ಲಿ ಎಲ್ಲರಿಗಿಂತ ಹೆಚ್ಚು ಹೆದರಿದ್ದದ್ದೂ ಈ ಕೈಯೇ ಎಂದು ಆಗ ಅವಳಿಗೆ ತಿಳಿಯಿತು. ತಿಳಿದರೂ ಮುಟ್ಟುವ ಧೈರ್ಯ ಬರಲಿಲ್ಲ. ಇದನ್ನು ಆಕೆ ಮುಂದೆ ತಾನೇ ಹೇಳಿದ್ದುಂಟು: ಬುದ್ಧಿಗೆ ಗೊತ್ತಾದದ್ದು ಮೈಗೆ ಗೊತ್ತಾಗಿರಲಿಲ್ಲ.

"ಅಮಾಯಿ, ಗಂಡಸರು ಬರ್ತಾರಂತೆ," ಎಂದಳು. "ನನಗೆ ಹೆದರಿಕೆ ಆಗ್ತಿದೆ."

"ನನಗೂ ಆಗ್ತಿದೆ, ಎನೆಲೆಸಿ. ಈಗ ನಾನು ಸತ್ತರೆ ಅವರು ಇವಳನ್ನು ಬದುಕಗೊಡುವುದಿಲ್ಲ."

ದೈವಭಕ್ತರಿಗೆ ಹೆದರಿಕೆಯೇ ಇರುವುದಿಲ್ಲ ಎಂದು ಎನೆಲೆಸಿ ತಿಳಿದಿದ್ದಳು.

ಬಿಸಿಲು ಬಾಗುವ ಮೊದಲೇ ಅವರು ಬಂದರು. ದೊಣ್ಣೆ ಹಿಡಿದವರಿದ್ದರು, ಹಗ್ಗ ಹಿಡಿದವರಿದ್ದರು. ಯಾರೂ ಕೂಗಾಡಲಿಲ್ಲ. ಎನೆಲೆಸಿಗೆ ಅದೇ ಹೆಚ್ಚು ಭಯ ಹುಟ್ಟಿಸಿತು. ಮುಂದೆ ನಿಂತವನು ಲೈಸನ್, ತಿಯಾಮಿಕೆಯ ತಂದೆಯ ತಮ್ಮ.

"ಅಮಾಯಿ, ನಿಮ್ಮ ಮೇಲೆ ನಮಗೆ ಕೋಪವಿಲ್ಲ," ಎಂದ ಅವನು ಹೊರಗಿನಿಂದಲೇ. "ಮಗುವನ್ನು ಕಳಿಸಿಕೊಡಿ. ನೀವು ಹುಷಾರಾಗ್ತೀರಿ."

ಮಾತೆಯವರು ಗೋಡೆ ಹಿಡಿದು ಎದ್ದರು. ಹೊಸ್ತಿಲವರೆಗೆ ಬಂದು, ಅಲ್ಲೇ ಕುಳಿತು, ಬಾಗಿಲಿಗೆ ತಾವೇ ಅಡ್ಡವಾದರು. "ತಿಯಾಮಿಕೆ, ತಟ್ಟೆ ತಾ. ನನಗೆ ಉಣಿಸು."

ಮಗು ತಟ್ಟೆ ತಂದಿತು. ತುತ್ತು ಮುರಿದು ಮಾತೆಯವರ ಬಾಯಿಗೆ ಒಯ್ದಿತು. ಆದರೆ ಚಳಿಜ್ವರದ ನಡುಕಕ್ಕೆ ಮಾತೆಯವರ ಹಲ್ಲು ಕಟಕಟಿಸುತ್ತಿದ್ದವು. ತುತ್ತು ತುಟಿಗೆ ತಗುಲಿ ಕೆಳಗೆ ಬಿತ್ತು. ಮಗು ಇನ್ನೊಂದನ್ನು ಹಿಡಿಯಿತು. ಮಾತೆಯವರು ಬಾಗಿಲ ಚೌಕಟ್ಟಿಗೆ ತಲೆಯಾನಿಸಿದರು, ಬಾಯಿ ತೆರೆಯಲಾಗಲಿಲ್ಲ.

"ನೋಡಿದಿರಾ," ಎಂದರು ಹಿಂದಿನಿಂದ ಯಾರೋ. "ಅವರ ಮೈಯೇ ಬೇಡ ಅನ್ನುತ್ತಿದೆ."

ಹಗ್ಗ ಹಿಡಿದವನು ಒಂದು ಹೆಜ್ಜೆ ಮುಂದಿಟ್ಟ. ಮಗುವಿನ ಕೈ ತುತ್ತಿನೊಂದಿಗೆ ಗಾಳಿಯಲ್ಲೇ ನಿಂತಿತ್ತು. ಹಿಂದಕ್ಕೆ ತೆಗೆದುಕೊಳ್ಳಬೇಕೋ ಬೇಡವೋ ಅದಕ್ಕೆ ತಿಳಿಯಲಿಲ್ಲ. ಮಾತೆಯವರು ಎನೆಲೆಸಿಯನ್ನು ನೋಡಿದರು.

ಎನೆಲೆಸಿ ಮಂಡಿಯೂರಿದಳು. ಇದನ್ನು ತಿಂದರೆ ಸಾಯುತ್ತೇನೆಂದೇ ಅವಳ ಮೈ ನಂಬಿತ್ತು. ಸತ್ತರೆ ಗಂಡುಮಕ್ಕಳ ಪಕ್ಕದಲ್ಲಿ ಹೂಳುತ್ತಾರೆ ಎಂದೂ ಆ ಗಳಿಗೆಯಲ್ಲಿ ಅನಿಸಿತಂತೆ. ಅವಳು ಬಾಯಿ ತೆರೆದು ಮಗುವಿನ ಕೈಯಿಂದ ಆ ತುತ್ತನ್ನು ತೆಗೆದುಕೊಂಡಳು. ಅಗಿದಳು. ನುಂಗಿದಳು. ಆಮೇಲೆ ಮಗುವನ್ನು ಎಳೆದು ಮಡಿಲಲ್ಲಿ ಕೂರಿಸಿಕೊಂಡಳು. ಏನೂ ತೂಕವಿರಲಿಲ್ಲ ಆ ಮೈಯಲ್ಲಿ.

"ಲೈಸನ್," ಎಂದಳು. "ನಾನು ಇವಳ ದೊಡ್ಡ ತಾಯಿ. ಜೌಗಿಗೆ ಕರೆದುಕೊಂಡು ಹೋಗುವುದಾದರೆ ನನ್ನನ್ನೂ ಕರೆದುಕೊಂಡು ಹೋಗು. ಹಗ್ಗ ಸಾಕಾಗುತ್ತಾ ನೋಡು."

ಯಾರೂ ಮುಂದೆ ಬರಲಿಲ್ಲ. ಆಗ ಮಾತೆಯವರು ಕಷ್ಟಪಟ್ಟು ತಲೆಯೆತ್ತಿ ಕೇಳಿದರು: "ಲೈಸನ್, ನಿನ್ನ ಕೂಸಿಗೆ ಯಾವಾಗಿನಿಂದ ಜ್ವರ?"

ಲೈಸನ್ನನ ಕೈಯಿಂದ ದೊಣ್ಣೆ ಜಾರಿತು. ತನ್ನ ಮನೆಯಲ್ಲಿ ಕೂಸು ಮೈಸುಡುತ್ತ ಮಲಗಿರುವುದನ್ನು ಅವನು ಯಾರಿಗೂ ಹೇಳಿರಲಿಲ್ಲ. ಅವನ ಮುಖದ ಭಯವನ್ನು ಮಾತೆಯವರು ಬಲ್ಲರು. ಎಷ್ಟೋ ತಂದೆಯರ ಮುಖದಲ್ಲಿ ಅದನ್ನು ಕಂಡಿದ್ದರು.

"ಒಳಗೆ ಡಬ್ಬಿಯಲ್ಲಿ ಗುಳಿಗೆ ಇದೆ. ನನಗಿರಲಿ ಅರ್ಧ, ನಿನ್ನ ಕೂಸಿಗೆ ಅರ್ಧ. ಹೇಗೆ ಕೊಡಬೇಕೆಂದು ಹೇಳ್ತೀನಿ, ಬಾ ಇಲ್ಲಿ."

ಅವನು ಬಂದ. ಬಾಗಿಲು ದಾಟುವಾಗ ಎನೆಲೆಸಿಯ ಮಡಿಲಲ್ಲಿದ್ದ ಅಣ್ಣನ ಮಗಳತ್ತ ನೋಡಲಾರದೆ ತಲೆ ತಗ್ಗಿಸಿದ. ಉಳಿದವರು ಒಬ್ಬೊಬ್ಬರಾಗಿ ಹಗ್ಗ ಸುತ್ತಿಕೊಂಡು ಹೊರಟರು.

ಪ್ರಭುವಿನ ಕೃಪೆ, ಆ ಕೂಸು ಉಳಿಯಿತು. ಮಾತೆಯವರ ಜ್ವರವೂ ನಿಧಾನವಾಗಿ ಇಳಿಯಿತು. ಅವರು ಕೋಲೂರಿ ನಡೆಯುವಂತಾದ ದಿನ ಎನೆಲೆಸಿ ತಿಯಾಮಿಕೆಯ ಕೈ ಹಿಡಿದುಕೊಂಡು ತನ್ನ ಮನೆಗೆ ಹೋದಳು. ಗಂಡುಮಕ್ಕಳು ಮಲಗುತ್ತಿದ್ದ ಚಾಪೆಯನ್ನು ಆಕೆ ಸುರುಳಿ ಸುತ್ತಿ ಅಟ್ಟದ ಮೇಲಿಟ್ಟಿದ್ದಳು. ಅವರು ಹೋದಂದಿನಿಂದ ಬಿಚ್ಚಿರಲಿಲ್ಲ. ಅಂದು ಅದನ್ನು ಕೆಳಗಿಳಿಸಿ, ಕೊಡವಿ, ಬಿಸಿಲಿಗೆ ಹಾಸಿದಳು.

ಎನೆಲೆಸಿ ಮತ್ತೆ ಪ್ರಾರ್ಥನೆಗೆ ಬರತೊಡಗಿದಳು. ತಿಯಾಮಿಕೆಯ ನಂತರವೂ ಆ ಮನೆಗೆ ಮಕ್ಕಳು ಬಂದರು. ಬೇರೆಯವರು ಅಂಜಿ ಬಾಗಿಲು ಮುಚ್ಚಿದ ಮಕ್ಕಳೇ ಹೆಚ್ಚು. ಮಾತೆಯವರು ಪ್ರಭುವಿನಲ್ಲಿ ಲೀನರಾದ ಬಹಳ ಕಾಲದ ಮೇಲೆ, ಆ ಸೀಮೆಗೆ ಹೊಸದಾಗಿ ಬಂದ ಗುರುಗಳೊಬ್ಬರು ಮುದುಕಿ ಎನೆಲೆಸಿಯನ್ನು ಕೇಳಿದರು: "ಈಗ ನಿನಗೆ ಹೆದರಿಕೆಯಾಗುವುದಿಲ್ಲವೇ, ತಾಯಿ?"

"ಆಗುತ್ತೆ, ಫಾದರ್. ಪ್ರತಿಸಲವೂ ಆಗುತ್ತೆ," ಎಂದಳು ಎನೆಲೆಸಿ. "ಮೊದಲು ನೀರು ಕಾಯಿಸ್ತೀನಿ. ಮಗುವಿಗೆ ಸ್ನಾನ ಮಾಡಿಸ್ತೀನಿ, ಉಣಿಸ್ತೀನಿ, ಮಲಗಿಸ್ತೀನಿ. ಆಮೇಲೆ ಹೊತ್ತು ಸಿಕ್ಕರೆ ಹೆದರೋಣ ಅಂದುಕೊಳ್ತೀನಿ. ಅಷ್ಟರಲ್ಲಿ ನನಗೇ ನಿದ್ದೆ ಬಂದುಬಿಡುತ್ತೆ."