ಸಾಕಜ್ಜಿಯ ಸರದಿ, ನರಿಯ ಚಿಕ್ಕಪ್ಪ

ಒಂದು ಕಾಡಿನಲ್ಲಿ ಸಾಕಜ್ಜಿ ಎಂಬ ಮುದಿ ಕೋತಿಯಿದ್ದಳು. ತೊರೆಯ ಪಕ್ಕದ ಬಸರಿ ಮರವೇ ಅವಳ ಮನೆ. ಪ್ರಾಣಿಗಳ ಕಾಲಿಗೆ ಚುಚ್ಚಿದ ಮುಳ್ಳು ತೆಗೆದು, ಸೊಪ್ಪಿನ ಲೇಪ ಹಚ್ಚಿ ಕಳಿಸುವುದು ಅವಳ ಕಸುಬು. ಅವಳ ಕೈ ಎಷ್ಟು ಹಗುರವೆಂದರೆ, ಮುಳ್ಳು ಹೊರಗೆ ಬಂದದ್ದು ಕಾಲಿಗೇ ಗೊತ್ತಾಗುತ್ತಿರಲಿಲ್ಲ.

ಆ ಕಾಲವನ್ನು ನೆನೆದರೆ ಈಗಲೂ ಮನಸ್ಸು ತಂಪಾಗುತ್ತದೆ. ಅಜ್ಜಿಯ ಮನೆಗೆ ಹೇಳದೆ ಕೇಳದೆ ಯಾರೂ ನುಗ್ಗುತ್ತಿರಲಿಲ್ಲ. ಮುಳ್ಳು ಚುಚ್ಚಿಸಿಕೊಂಡವರು ಹಿಂದಿನ ಸಂಜೆಯೇ ಬಂದು ಸರದಿ ಕೇಳುತ್ತಿದ್ದರು. ಬೆಳಿಗ್ಗೆ ತೊರೆಯ ಆಚೆ ದಡದಲ್ಲಿ ನಿಂತು, "ಅಜ್ಜಿ, ಬರ್ತಾ ಇದೀನಿ" ಎಂದು ಒಂದು ಕೂಗು ಹಾಕುತ್ತಿದ್ದರು. ಕೂಗು ಕೇಳಿದ ಮೇಲೆಯೇ ಅಜ್ಜಿ ಮೊಮ್ಮಕ್ಕಳನ್ನು ಮೇಲಿನ ಕೊಂಬೆಗೆ ಅಟ್ಟಿ, ಜಾಗ ಗುಡಿಸಿ, ಸೊಪ್ಪು ಅರೆಯಲು ಕೂರುತ್ತಿದ್ದಳು. ಅರೆದ ಸೊಪ್ಪು ಒಣಗಿದರೆ ಕೆಲಸಕ್ಕೆ ಬಾರದು. ಬರಲಾಗದವರು ಮೊದಲೇ ಹೇಳಿ ಕಳಿಸುತ್ತಿದ್ದರು, ಆ ಸರದಿ ಇನ್ನೊಬ್ಬರಿಗೆ ಸಿಗುತ್ತಿತ್ತು. ಇದನ್ನು ಯಾವ ರಾಜನೂ ಡಂಗುರ ಸಾರಿರಲಿಲ್ಲ. ಅದು ಒಬ್ಬ ಮುದುಕಿಯ ಮನೆ ಎಂಬುದು ಎಲ್ಲರಿಗೂ ನೆನಪಿತ್ತು, ಅಷ್ಟೇ. ಕಾಡುಕೋಣದ ಗಡಸು ಕೂಗು, ಮುಂಗುಸಿಯ ಕೀಚಲು ಕೂಗು, ಮಂಜಿನೊಳಗಿಂದ ಒಂದಾದ ಮೇಲೊಂದು ಬರುತ್ತಿದ್ದವು. ಎಷ್ಟು ಚೆನ್ನಾಗಿದ್ದವು ಆ ಬೆಳಗುಗಳು!

ಅದೇ ಕಾಡಿನಲ್ಲಿ ಕೆಂಚ ಎಂಬ ನರಿಯೂ ಇದ್ದ. ಮಾತು ಬೆಣ್ಣೆ, ಹೊಟ್ಟೆ ತುಂಬ ಕಿತಾಪತಿ. ಕಾರೆಮುಳ್ಳು ಉದುರುವ ಕಾಲ ಬಂದು ಅಜ್ಜಿಯ ಮನೆಗೆ ಬರುವವರು ಹೆಚ್ಚಾದಾಗ, ಕೆಂಚನಿಗೆ ಕೂತಲ್ಲೇ ಉಣ್ಣುವ ಉಪಾಯವೊಂದು ಹೊಳೆಯಿತು. ದಿನಾ ಸಂಜೆ ಎಲ್ಲರಿಗಿಂತ ಮೊದಲು ಅಜ್ಜಿಯ ಬಳಿ ಹೋಗುತ್ತಿದ್ದ. ದಿನಕ್ಕಿದ್ದ ಮೂರು ಸರದಿಗಳಲ್ಲಿ ಬೆಳಗಿನದು ತನ್ನ ಚಿಕ್ಕಪ್ಪನಿಗೆ, ಮಧ್ಯಾಹ್ನದ್ದು ಅತ್ತೆಗೆ, ಇಳಿಹೊತ್ತಿನದು ಭಾವನಿಗೆ ಎಂದು ಹೇಳಿ ಬರುತ್ತಿದ್ದ. ಈ ನೆಂಟರನ್ನು ಯಾರೂ ಕಂಡವರಿಲ್ಲ. ಬೆಳಿಗ್ಗೆ ಕೆಂಚನೇ ಆಚೆ ದಡದ ಬಿದಿರು ಮೆಳೆಯ ಹಿಂದೆ ಅಡಗಿ, ದಪ್ಪ ದನಿಯಲ್ಲಿ ಒಮ್ಮೆ, ತೆಳ್ಳಗಿನ ದನಿಯಲ್ಲಿ ಒಮ್ಮೆ, ಗೊಗ್ಗರು ದನಿಯಲ್ಲಿ ಒಮ್ಮೆ ಕೂಗುತ್ತಿದ್ದ. ಆಮೇಲೆ ದಾರಿಯಲ್ಲಿ ಕೂತು, ಕುಂಟುತ್ತ ಬಂದವರಿಗೆ ಸರದಿ ಬಿಡಿಸಿಕೊಡುತ್ತೇನೆ ಎನ್ನುತ್ತಿದ್ದ. ಬಿಟ್ಟಿಯಾಗಿ ಅಲ್ಲ. ಕರಡಿ ಜೇನುಹುಟ್ಟು ಕೊಟ್ಟಿತು. ಕಾಡುಕೋಳಿ ಅಳುತ್ತ ಮೊಟ್ಟೆ ಕೊಟ್ಟಿತು. ಕೊಟ್ಟವರು ಹೋಗಿ, ನರಿಯ ಚಿಕ್ಕಪ್ಪ ಸರದಿ ಬಿಟ್ಟುಕೊಟ್ಟರು ಎಂದರೆ ಅಜ್ಜಿ ನಂಬಿ ಕೆಲಸ ಮಾಡುತ್ತಿದ್ದಳು. ಕೊಡಲು ಏನೂ ಇಲ್ಲದವರು ಕುಂಟುತ್ತಲೇ ಹಿಂದಿರುಗುತ್ತಿದ್ದರು. ಅರೆದ ಸೊಪ್ಪು ಎಷ್ಟೋ ಸಲ ಹಾಗೇ ಒಣಗಿತು.

ಹೀಗಿರುವಾಗ ದೇವೀರಿ ಎಂಬ ಕಡವೆಯ ಗೊರಸಿನ ಸಂದಿಗೆ ಮುಳ್ಳು ಹೊಕ್ಕಿತು. ಮಾರನೆಯ ದಿನ ಮಧ್ಯಾಹ್ನಕ್ಕೆ ಅವಳ ಹಿಂಡು ಗುಡ್ಡದಾಚೆಯ ಹುಲ್ಲುಗಾವಲಿಗೆ ಹೊರಡುವುದಿತ್ತು. ಕುಂಟುವವರು ಗುಡ್ಡ ಹತ್ತಲಾರರು. ಹಿಂದೆ ಉಳಿದವರು ಚಿರತೆಯ ಪಾಲು. ಸಂಜೆ ಅಜ್ಜಿಯ ಬಳಿ ಬಂದರೆ ಸರದಿಗಳೆಲ್ಲ ಮುಗಿದಿದ್ದವು. ದಾರಿಯಲ್ಲಿ ಕೆಂಚ ಸಿಕ್ಕ. ಜೇನು, ಮೊಟ್ಟೆ ಎಲ್ಲಿಂದ ತರಬೇಕು ಅವಳು? ಕೆಂಚ ಅದೇನೂ ಬೇಡವೆಂದ. ಮೊಲಗಳು ಮರಿ ಹಾಕಿರುವ ಬಿಲ ಎಲ್ಲಿದೆ ಎಂದು ತೋರಿಸಿದರೆ ಸಾಕಂತೆ.

"ನನ್ನ ಕಾಲು ಹೋದ್ರೂ ಹೋಗ್ಲಿ ಕೆಂಚಣ್ಣ, ಅದನ್ನ ಮಾತ್ರ ತೋರಿಸಲ್ಲ" ಎಂದಳು ದೇವೀರಿ.

ಬೆಳಿಗ್ಗೆ ಅವಳು ಮೂರು ಕಾಲಿನಲ್ಲೇ ಬಸರಿ ಮರದ ಬಳಿಗೆ ಬಂದಳು. ನರಿಯ ಚಿಕ್ಕಪ್ಪ ಬಂದರೆ ಎದ್ದುಹೋಗುತ್ತೇನೆ, ಬಾರದಿದ್ದರೆ ನನ್ನ ಕಾಲು ನೋಡು ಎಂದು ಅಜ್ಜಿಯನ್ನು ಬೇಡಿಕೊಂಡಳು. ಕೆಂಚ ಮೊಲದ ಬಿಲ ಕೇಳಿದ್ದನ್ನೂ ಹೇಳಿದಳು. ಅಜ್ಜಿಯ ಮುಖ ಗಂಭೀರವಾಯಿತು. ಅಷ್ಟರಲ್ಲಿ ಆಚೆ ದಡದಿಂದ ದಪ್ಪ ದನಿಯ ಕೂಗು ಕೇಳಿತು. ಅಜ್ಜಿ ಸೊಪ್ಪು ಅರೆದಿಟ್ಟಳು.

ಬಿದಿರು ಮೆಳೆಯ ಹಿಂದೆ ಕೆಂಚ ಈಗ ಅತ್ತೆಯ ದನಿಗೆ ಸಜ್ಜಾದ. ಕತ್ತು ಚಾಚಿ, ಕಣ್ಣು ಮುಚ್ಚಿ, ಒಂದು ಹೆಜ್ಜೆ ಹಿಂದಿಟ್ಟ. ಉದ್ದನೆಯ ಬಿದಿರು ಮುಳ್ಳು ಅಂಗಾಲಿಗೆ ಇಳಿಯಿತು. ಅತ್ತೆಯಂತೆ ಶುರುವಾದ ಕೂಗು ನರಿಯ ಊಳಾಗಿ ಮುಗಿಯಿತು. ನೋವು ತಡೆಯಲಾರದೆ ಅವನು ತೊರೆ ದಾಟಿ ಓಡಿಬಂದು ಅಜ್ಜಿಯ ಮುಂದೆ ಕಾಲು ಚಾಚಿದ.

"ಸ್ವಲ್ಪ ತಡಿ ಕೆಂಚ. ಇದು ನಿಮ್ಮ ಚಿಕ್ಕಪ್ಪನ ಸರದಿ. ಈಗ ತಾನೆ ಕೂಗಿದ್ರು" ಎಂದಳು ಅಜ್ಜಿ.

"ಅವರು ನನಗೆ ಬಿಟ್ಟುಕೊಟ್ರು ಅಜ್ಜಿ."

"ಇಷ್ಟು ದಿನ ಆ ಮಾತು ಒಪ್ಕೊಂಡಿದ್ದೇ ನನ್ನ ತಪ್ಪು. ಇವತ್ತು ಕೂಗಿದೋರೇ ಬಂದು ಹೇಳ್ಬೇಕು. ನೀನೂ ಆ ಮೆಳೆ ಕಡೆಯಿಂದ್ಲೇ ಬಂದೆಯಲ್ಲ, ಅವರು ಕಾಣ್ಲಿಲ್ವಾ?"

ಕೆಂಚನಿಗೆ ಬಾಯಲ್ಲಿ ಬಿಸಿ ತುಪ್ಪ ಇಟ್ಟಂತಾಯಿತು. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಕಂಡರು ಎಂದರೆ ಕರೆದು ತರಬೇಕು. ಕಾಣಲಿಲ್ಲ ಎಂದರೆ ಅವರು ಬರುವ ತನಕ ಕಾಯಬೇಕು. ಅಷ್ಟು ಹೊತ್ತಿಗೆ ಊಳು ಕೇಳಿ ಕರಡಿ, ಕಾಡುಕೋಳಿ, ಮುಂಗುಸಿ ಎಲ್ಲ ಬಂದು ಸುತ್ತ ನಿಂತಿದ್ದವು. ಅಂಗಾಲು ಬೆಂಕಿಯಂತೆ ಉರಿಯತೊಡಗಿತು.

"ಚಿಕ್ಕಪ್ಪ ಇಲ್ಲ ಅಜ್ಜಿ" ಎಂದ ಕೊನೆಗೆ, ನೆಲ ನೋಡುತ್ತ. "ಅತ್ತೇನೂ ಇಲ್ಲ, ಭಾವನೂ ಇಲ್ಲ. ಎಲ್ಲಾ ಕೂಗೂ ನಂದೇ."

ಮಾಡಿದ್ದುಣ್ಣೋ ಮಹರಾಯ ಎಂದು ಕರಡಿ ಗೊಣಗಿತು. ಅಜ್ಜಿ ಬೈಯಲಿಲ್ಲ. ಸೊಪ್ಪು ಒಣಗುವ ಮೊದಲೇ ದೇವೀರಿಯ ಗೊರಸು ಹಿಡಿದು ಮುಳ್ಳು ಕಿತ್ತಳು, ಲೇಪ ಹಚ್ಚಿದಳು. ಉಳಿದ ಎರಡು ಸರದಿಗಳಿಗೆ ಹಿಂದಿನ ದಿನ ಹಿಂದಿರುಗಿ ಹೋದವರನ್ನು ಕರೆಸಿದಳು. ಮಧ್ಯಾಹ್ನ ಹಿಂಡು ಗುಡ್ಡ ಹತ್ತುವಾಗ ದೇವೀರಿ ಎಲ್ಲರ ನಡುವೆ ನಾಲ್ಕೂ ಕಾಲೂರಿ ನಡೆಯುತ್ತಿದ್ದಳು. ಅದನ್ನು ನೋಡಿದ ಅಜ್ಜಿಗೆ ಕಣ್ಣು ತುಂಬಿ ಬಂತು.

"ನನ್ನ ಕಾಲು ಅಜ್ಜಿ?" ಎಂದು ಕೇಳಿದ ಕೆಂಚ.

"ಸಂಜೆ ಬಂದು ಸರದಿ ಕೇಳಪ್ಪ. ಬೆಳಿಗ್ಗೆ ಕೂಗು. ನಿಂಗೂ ಸೊಪ್ಪು ಅರೀತೀನಿ."

ಕೆಂಚ ಸಂಜೆ ಬಂದ, ಸಾಲಿನ ಕೊನೆಯಲ್ಲಿ ನಿಂತು ಕೇಳಿದ. ಮಾರನೆಯ ಬೆಳಿಗ್ಗೆ ಮಂಜಿನಲ್ಲಿ ಎಲ್ಲರ ಕೂಗೂ ಮುಗಿದ ಮೇಲೆ, ಆಚೆ ದಡದಿಂದ ಇನ್ನೊಂದು ಸಣ್ಣ ದನಿ ಕೇಳಿತು. "ಅಜ್ಜಿ, ನಾನು ಕೆಂಚ. ಬರ್ಲಾ?" ಸರದಿಗಾಗಿ ನರಿ ತನ್ನ ನಿಜವಾದ ದನಿಯಲ್ಲಿ ಕೂಗಿದ್ದನ್ನು ಆ ಕಾಡು ಕೇಳಿದ್ದು ಅದೇ ಮೊದಲು.

ನೀತಿ: ಒಬ್ಬರ ಮನೆಬಾಗಿಲಲ್ಲಿ ಹೊತ್ತು ಕೇಳಿ ಪಡೆದ ಮೇಲೆ ಹೇಳಿದ ಹೊತ್ತಿಗೆ ಹೋಗಬೇಕು, ಆಗದಿದ್ದರೆ ಮೊದಲೇ ತಿಳಿಸಬೇಕು. ಇನ್ನೊಬ್ಬರ ಸರದಿಯನ್ನು ಕದ್ದವನಿಗೆ, ತನಗೆ ಬೇಕಾದಾಗ ಸರದಿ ಇರುವುದಿಲ್ಲ.